ನಾಡಿ ಎಣಿಸಿದ ಡಾಕ್ಟರು ಮತ್ತು ನಾವು ಸೈಕಲ್ಲಿನವರು

ಕರೆಯದೇ ಬಂದು, ಪುಕ್ಕಟೆಯಾಗಿ ನಾಡಿ ಹಿಡಿಯುವ ಡಾಕ್ಟರನ್ನು ಕಂಡರೆ ನನಗೆ ಇವತ್ತಿಗೂ ಗುಮಾನಿ. ಈ ಚಾಳಿ ಅಂಟಿದ್ದು ರಾಯಚೂರಿನಲ್ಲಿ ಸೈಕಲ್ ತುಳಿಯುವ ನೌಕರಿ ಮಾಡುತ್ತಿದ್ದಾಗ. ಯುದ್ಧದ ದಿನಗಳು, ನಿಜಾಮರ ಆಳ್ವಿಕೆ. ಕಚೇರಿಯ ಕಾಗದಪತ್ರಗಳನ್ನು ಚೀಲಕ್ಕೆ ತುಂಬಿಕೊಂಡು ತಾಲೂಕುಗಳಿಗೆ ಮುಟ್ಟಿಸುವುದು ನಮ್ಮ ಕೆಲಸ. ನನ್ನದು ಮಾನ್ವಿಯ ದಾರಿ. ದೇವದುರ್ಗದ್ದು ಇನ್ನೂ ದೂರ, ರಾತ್ರಿ ಅಲ್ಲೇ ತಂಗಿ ಮರುದಿನ ಮರಳಬೇಕು; ಆ ದಾರಿಗೆ ನನಗಿಂತ ಬಹಳ ಹಿರಿಯರಾದ ಒಬ್ಬರಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ನಮ್ಮದು ಗುಡಿಯ ಪೂಜೆಯ ವೈಷ್ಣವ ಮನೆ. ಸೈಕಲ್ಲಿನ ಸೀಟು ಚರ್ಮದ್ದು ಎಂಬ ಕಾರಣಕ್ಕೆ ನಾನು ಬಾವಿಕಟ್ಟೆಯಲ್ಲಿ ಮೈಮೇಲೆ ನೀರು ಹೊಯ್ದುಕೊಳ್ಳದೆ ಒಳಗೆ ಕಾಲಿಡುವಂತಿರಲಿಲ್ಲ. ಅವ್ವನ ಚಿಂತೆಯೇ ಬೇರೆ. "ಆ ಗಾಡಿ ತುಳದೂ ತುಳದೂ ನಿನಗ ಮಕ್ಕಳಾಗಂಗಿಲ್ಲ ನೋಡು," ಎಂದು ದಿನಾ ಗೊಣಗುತ್ತಿದ್ದಳು. ಮುಂದೆ ನನಗೆ ಐದು ಮಕ್ಕಳಾದವು. ಅವಳು ಆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಕಾಕಾ ಊರ ಹೊರಗಿನ ಕೂಲಿಯವರ ಕೇರಿಯವರು. ಊರೊಳಗೆ ನಾವಿಬ್ಬರೂ ಒಂದೇ ಕಟ್ಟೆಯ ಮೇಲೆ ಕೂಡುವ ಹಾಗಿರಲಿಲ್ಲ. ಆದರೆ ಎರಡೂ ದಾರಿಗಳು ಕೂಡುವಲ್ಲಿ ಒಂದು ಬೇವಿನ ಮರವಿತ್ತು. ವಾಪಸು ಬರುವಾಗ ಯಾರು ಮೊದಲು ಬಂದರೂ ಅದರ ಕೆಳಗೆ ಇನ್ನೊಬ್ಬರಿಗಾಗಿ ಕಾಯುತ್ತಿದ್ದೆವು. ಧೂಳು ಕೊಡವಿ, ಬೆವರು ಒರೆಸಿ, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡೇ ಕಚೇರಿಗೆ ಹೋಗುವುದು. ಸಾಹೇಬರ ಮುಂದೆ ತೇಕುತ್ತ ನಿಲ್ಲುವುದು ಬೇಅದಬಿ, ಮರ್ಯಾದೆಗೇಡು ಎಂದು ನನಗೆ ಕಲಿಸಿದವರು ಕಾಕಾ. ಎಷ್ಟೇ ದೂರದಿಂದ ಬಂದಿರಲಿ, ಪಕ್ಕದ ಓಣಿಯಿಂದ ಬಂದವರಂತೆ ಸಲಾಮು ಹೊಡೆಯಬೇಕು.

ಆ ಬೇಸಿಗೆಯಲ್ಲಿ ಡಾಕ್ಟರು ಬಂದರು. ಹೈದರಾಬಾದಿನಲ್ಲಿ ಓದಿ ಬಂದ ನಮ್ಮ ಕಡೆಯ ಮನುಷ್ಯ. ಸೈಕಲ್ ತುಳಿದರೆ ಎದೆಗೆ ಏನಾಗುತ್ತದೆ, ಮೊಣಕಾಲಿಗೆ ಏನಾಗುತ್ತದೆ ಎಂದು ತಿಳಿಯಬೇಕಂತೆ. ಕಚೇರಿಯ ಪಡಸಾಲೆಯಲ್ಲಿ ಗಡಿಯಾರ ಹಿಡಿದು ಕೂತರು. ನಾವು ಹೊರಡುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ನಾಡಿ ಎಣಿಸಿ ಬರೆದುಕೊಳ್ಳುತ್ತಿದ್ದರು. ಎದೆಗೆ ನಳಿಕೆ ಇಟ್ಟು ಕೇಳುತ್ತಿದ್ದರು. ಸೀಟು ಬಹಳ ತಗ್ಗಿದೆ ಎಂದು ಎರಡು ಬೆರಳು ಎತ್ತರ ಮಾಡಿಸಿದರು. ನಾವು ಊರು ದಾಟಿದ ಕೂಡಲೇ ಅದನ್ನು ಮತ್ತೆ ಇಳಿಸಿಕೊಂಡೆವು. ಎತ್ತರದ ಸೀಟಿನಲ್ಲಿ ತುಳಿಯುವುದು ಹಗುರವಾಗಿತ್ತು, ಸುಳ್ಳೇಕೆ ಹೇಳಲಿ. ಹಗುರವಾಗಿದ್ದಕ್ಕೇ ನನಗೆ ಇನ್ನಷ್ಟು ಸಂಶಯ ಬಂತು.

ಸರ್ಕಾರದವರಿಗೆ ನಮ್ಮ ಎದೆಯ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಏಕೆ? ನನ್ನ ತಲೆಯಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಗಟ್ಟಿ ಇದ್ದವರನ್ನು ದಂಡಿಗೆ ಕಳಿಸುತ್ತಾರೆ, ಮೆತ್ತಗಿದ್ದವರನ್ನು ಮನೆಗೆ ಕಳಿಸುತ್ತಾರೆ. ನನಗಿಂತ ಕಾಕಾನ ಬಗ್ಗೆಯೇ ಹೆದರಿಕೆ. ದೇವದುರ್ಗದ ದಾರಿಯಲ್ಲಿ ಗಬ್ಬೂರಿನ ಆಚೆ ಎರೆಮಣ್ಣಿನ ಏರಿನಲ್ಲಿ ಅವರಿಗೆ ಎದೆ ಹಿಡಿದುಕೊಳ್ಳುತ್ತಿತ್ತು. ಅದು ನನಗೊಬ್ಬನಿಗೇ ಗೊತ್ತು. ಅವರ ಮನೆಯಲ್ಲಿ ದುಡಿಯುವ ಕೈ ಇನ್ನೊಂದಿರಲಿಲ್ಲ.

"ಕಾಕಾ, ಇವ ನಮ್ಮ ಹೊಟ್ಟಿ ಮ್ಯಾಲ ಹೊಡಿಯಾಕ ಬಂದಾನ," ಎಂದೆ.

"ಮಾರಿ ನೋಡಿದ್ರ ಹಂಗ ಕಾಣಂಗಿಲ್ಲಲೇ," ಎಂದರು ಕಾಕಾ, ಡಾಕ್ಟರ ಮುಖ ನೆನೆಸಿಕೊಂಡು.

"ಮಾರಿ ನೋಡಿ ನಂಬಬ್ಯಾಡ್ರಿ."

ಅವತ್ತಿನಿಂದ ಮರದ ಕೆಳಗೆ ಕೂಡುವ ಹೊತ್ತು ಬೆಳೆಯಿತು. ನಾನು ಕಾಕಾನ ಮುಂಗೈ ಹಿಡಿದು, ಡಾಕ್ಟರು ಮಾಡಿದಂತೆಯೇ ಎಣಿಸುತ್ತಿದ್ದೆ. ಅವ್ವ ನೋಡಿದ್ದರೆ ಬಾವಿಯೊಳಗೇ ಇಳಿಸುತ್ತಿದ್ದಳು. ನಾಡಿ ತಣ್ಣಗಾಗುವವರೆಗೆ ಅವರನ್ನು ಏಳಲು ಬಿಡುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಸೈಕಲ್ ನೂಕಿಕೊಂಡು ಹೋಗಿ, ಕಚೇರಿಯ ಮೂಲೆಯಲ್ಲಿ ಹತ್ತಿ, ಗಂಟೆ ಬಾರಿಸುತ್ತ ಒಳಗೆ ನುಗ್ಗುತ್ತಿದ್ದೆವು. ಡಾಕ್ಟರು ಎಣಿಸುತ್ತಿದ್ದರು, ಹುಬ್ಬು ಏರಿಸುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಒಮ್ಮೆ, "ದಾರ್ಯಾಗ ಎಲ್ಯರ ಕುಂತಿದ್ರೇನು?" ಎಂದು ಕೇಳಿದರು. "ಇಲ್ರೀ, ಸೀದಾ ಬಂದೀವಿ," ಎಂದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಹೊಸ ಹುಕುಂ ಬಂತು. ಸವಾರರಿಗೆ ಆಯಾಸವೇ ಆಗುವುದಿಲ್ಲವೆಂದು ಡಾಕ್ಟರ ಬರಹ ಹೇಳುತ್ತದೆ, ಆದ್ದರಿಂದ ದೇವದುರ್ಗದಲ್ಲಿ ರಾತ್ರಿ ತಂಗುವುದು ಬೇಕಿಲ್ಲ, ಹೋದ ದಿನವೇ ಮರಳಬೇಕು. ಕಾಕಾ ಕಾಗದದ ಚೀಲವನ್ನು ಸೈಕಲ್ಲಿಗೆ ಬಿಗಿದರು. ನಾನೋ ಡಾಕ್ಟರನ್ನು ಬಾಯಿಗೆ ಬಂದಂತೆ ಬೈದೆ. ನೋಡಿದ್ರಾ, ನಾ ಹೇಳಲಿಲ್ಲವೇ ಎಂದು ಕುಣಿದೆ.

ಕಾಕಾ ಹೀಗೆ ನಾಲ್ಕು ಸಲ ಹೋಗಿ ಬಂದರು. ಐದನೆಯ ಸಲ ಗಬ್ಬೂರಿನ ಹತ್ತಿರ ಬಿದ್ದರು. ಚಕ್ರಕ್ಕೆ ಮೆತ್ತಿದ ಮಣ್ಣು ತೆಗೆಯಲು ಇಳಿದವರು ಏಳಲಿಲ್ಲವಂತೆ. ಯಾರೋ ಬಂಡಿಯಲ್ಲಿ ಹಾಕಿ ತಂದರು. ದವಾಖಾನೆಗೆ ನಾನು ಓಡಿದಾಗ ಅದೇ ಡಾಕ್ಟರು ಮಂಚದ ಪಕ್ಕ ನಿಂತಿದ್ದರು.

"ಈ ಎದೀ ಇಟ್ಕೊಂಡು ಆ ನಾಡಿ ಬರಾಕ ಸಾಧ್ಯ ಇಲ್ಲ," ಎಂದರು ನನ್ನ ಕಡೆ ತಿರುಗಿ. "ಖರೇ ಹೇಳು. ಬೇಸಿಗ್ಯಾಗ ನೀವು ಕುಂತು ಬರ್ತಿದ್ರಿ, ಹೌದಲ್ಲೋ?"

ಈಗ ನಮ್ಮಿಬ್ಬರನ್ನೂ ಒಟ್ಟಿಗೆ ಹಿಡಿಯುತ್ತಾನೆ ಎಂದುಕೊಂಡೆ. "ಇಲ್ರೀ," ಎಂದೆ.

ಮಂಚದಿಂದ ಕಾಕಾನ ದನಿ ಬಂತು. "ಕುಂತೀವ್ರೀ ಸಾಹೇಬ್ರ. ಭಾಳ ಹೊತ್ತು ಕುಂತೀವಿ. ಹುಡುಗಂದು ತಪ್ಪಿಲ್ಲ, ನನ್ನ ಸಲುವಾಗಿ ಮಾಡ್ಯಾನ."

ಡಾಕ್ಟರು ಬೈಯುತ್ತಾರೆಂದು ಕಾದೆ. ಅವರು ಸ್ಟೂಲಿನ ಮೇಲೆ ಕುಸಿದು ಕೂತರು. "ನಿಮ್ಮ ದಾರಿ ಅರ್ಧ ಮಾಡಸ್ರಿ ಅಂತ ಬರಿಯಾಕ ನಾಡಿ ಎಣಸಾಕತ್ತಿದ್ದೆ," ಎಂದರು. "ನೀವ ಕೊಟ್ಟ ನಾಡಿ ಇಟ್ಕೊಂಡು ನಾ ಏನಂತ ಬರೀಲಿ?"

ಡಾಕ್ಟರು ಸರ್ಕಾರಕ್ಕೆ ಮತ್ತೆ ಬರೆದರು. ರಾತ್ರಿ ತಂಗುವುದು ವಾಪಸು ಬಂತು. ಆದರೆ ಎದೆ ಕೆಟ್ಟವರೆಂದು ಕಚೇರಿಯವರು ಕಾಕಾನನ್ನು ನೌಕರಿಯಿಂದ ತೆಗೆದರು. ದೇವದುರ್ಗದ ದಾರಿ ನನಗೆ ಬಂತು.

ಆ ದಾರಿಗೆ ಮೊದಲ ಸಲ ಹೊರಡುವ ಹಿಂದಿನ ದಿನ ಕಾಕಾನ ಕೇರಿಗೆ ಹೋದೆ. ಅವರು ಒಮ್ಮೆಯೂ ನನ್ನನ್ನು ದೂರಲಿಲ್ಲ. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀರುತ್ತ, ಎಲ್ಲಿ ಇಳಿದು ನೂಕಬೇಕು, ಎಲ್ಲಿ ಹಳ್ಳ ಏರುತ್ತದೆ, ಎಲ್ಲಿ ಕುಡಿಯುವ ನೀರು ಸಿಗುತ್ತದೆ ಎಂದು ಒಂದೊಂದಾಗಿ ಹೇಳಿದರು. ಕೆಲಸ ಕಳೆದುಕೊಂಡ ಮನುಷ್ಯ, ಆ ಕೆಲಸ ಕಸಿದುಕೊಂಡವನಿಗೆ. ನಾನು ತಲೆಯಾಡಿಸುತ್ತ ಕೂತಿದ್ದೆ. ನಡುವೆ ಒಂದು ಗಳಿಗೆ, ಇಷ್ಟೆಲ್ಲ ಯಾಕೆ ಹೇಳುತ್ತಿದ್ದಾರೆ, ನನ್ನಿಂದ ಇವರಿಗೆ ಏನು ಬೇಕಾಗಿದೆ ಎಂದು ಯೋಚಿಸಿದೆ. ಅವರು ತಲೆಯೆತ್ತಿ ನನ್ನ ಮುಖದ ಮೇಲಿನ ಗುಮಾನಿ ನೋಡಿದರು, ನಕ್ಕರು, ಕಡ್ಡಿಯನ್ನು ಕೆಳಗಿಟ್ಟರು.