ಆಟಿಯಲ್ಲಿ ಜರ್ಮನ್ ಅಜ್ಜನಿಗೊಂದು ಎಲೆ

ಕಟಪಾಡಿಯ ಧರ್ಮಪಾಲರು ಜರ್ಮನಿಯನ್ನು ಭೂಪಟದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಆದರೂ ಊರಿಗೆ ಹೋದರೆ ಅವರು ‘ಜರ್ಮನ್ ಧರ್ಮಣ್ಣ’. ಗಲ್ಫಿನ ಜಬಲ್ ಅಲಿಯಲ್ಲಿರುವ ಜರ್ಮನ್ ಕ್ರೇನ್ ಕಂಪೆನಿಯೊಂದರಲ್ಲಿ ಸ್ಪೇರ್ ಪಾರ್ಟ್ಸ್ ಸ್ಟೋರ್ ನೋಡಿಕೊಳ್ಳುತ್ತಲೇ ಅವರ ತಲೆ ನರೆತಿತ್ತು. ಎಷ್ಟೋ ಮ್ಯಾನೇಜರುಗಳು ಬಂದರು, ಹೋದರು. ಧರ್ಮಪಾಲರು ಒಬ್ಬನಿಗೂ ‘ನೋ ಸರ್’ ಅಂದವರಲ್ಲ. ಅವರ ಯಶಸ್ಸಿನ ಗುಟ್ಟು ಅಷ್ಟೇ, ಮತ್ತೇನೂ ದೊಡ್ಡ ವಿದ್ಯೆಯಲ್ಲ.

ಅವರಿಗೆ ಅರ್ಥವಾಗದೆ ಉಳಿದದ್ದು ಒಂದೇ. ಜರ್ಮನರನ್ನು ಹೊಗಳಿದರೆ ಹೊಗಳಿಸಿಕೊಂಡವರದೇ ಮುಖ ಬಾಡುತ್ತಿತ್ತು. “ನಿಮ್ಮವರ ಶಿಸ್ತೇ ಶಿಸ್ತು ಸರ್” ಅಂದರೆ ಈಗಿನ ಮ್ಯಾನೇಜರ್ ಯೋರ್ಗ್ ಕಿಟಕಿಯಾಚೆ ನೋಡುತ್ತಿದ್ದ. ವಿಶ್ವಕಪ್ ಫುಟ್‌ಬಾಲಿನ ಸಮಯದಲ್ಲಿ ಸಾಹೇಬರಿಗೆ ಖುಷಿಯಾಗಲಿ ಎಂದು ಧರ್ಮಪಾಲರು ಅವನ ಕ್ಯಾಬಿನ್ನಿಗೆ ದೊಡ್ಡದೊಂದು ಜರ್ಮನ್ ಬಾವುಟ ಕಟ್ಟಿಸಿದರು. ಅವನು ಅದನ್ನು ಬಿಚ್ಚಿ, ಮಡಚಿ, ಡ್ರಾಯರಿನೊಳಗೆ ಇಟ್ಟುಬಿಟ್ಟ. ನಮ್ಮಲ್ಲಾದರೆ ಬಿಚ್ಚಿದವನನ್ನು ಸುಮ್ಮನೆ ಬಿಡುತ್ತಿದ್ದರೇ!

ಈ ವರ್ಷ ಧರ್ಮಪಾಲರಿಗೆ ಅರವತ್ತು ತುಂಬಿತು. ಕೆಲಸ ಇನ್ನೆರಡು ವರ್ಷ ಮುಂದುವರಿದರೆ ಮಗಳು ತೃಷಾಳ ಕಾಲೇಜು ಇಲ್ಲೇ ಮುಗಿಯುತ್ತದೆ. ಇಲ್ಲವಾದರೆ ಅಲ್ ನಹ್ದಾದ ಫ್ಲಾಟು, ಸಂಸಾರ, ಅವಳ ಓದು ಎಲ್ಲ ಅರ್ಧಕ್ಕೇ ಖಲಾಸ್. ಮುಂದುವರಿಯಬೇಕಾದರೆ ಯೋರ್ಗ್ ಶಿಫಾರಸು ಮಾಡಬೇಕು. ಅವನ ಬಾಯಿಂದ ಮಾತ್ರ ಒಂದು ಮಾತೂ ಹೊರಡುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಒಮ್ಮೆ ಯೋರ್ಗ್ ಫೋನ್ ಕೆಳಗಿಟ್ಟು ಹಣೆ ಒತ್ತಿಕೊಂಡ. ಅವನ ಊರಿನಲ್ಲಿ ಯಾರೋ ಮನೆ ಕಟ್ಟಲು ಅಡಿಪಾಯ ತೋಡಿದಾಗ ಯುದ್ಧಕಾಲದ ಬಾಂಬು ಸಿಕ್ಕಿತ್ತಂತೆ. ಅರ್ಧ ಊರನ್ನೇ ಖಾಲಿ ಮಾಡಿಸಿ, ಅವನ ಮುದಿ ತಾಯಿಯನ್ನು ಶಾಲೆಯೊಂದರಲ್ಲಿ ಕೂರಿಸಿದ್ದರು.

“ಎಂಬತ್ತು ವರ್ಷ ಕಳೀತಲ್ಲ ಸರ್, ಇನ್ನೂ ಸಿಗ್ತದಾ?”

“ತೋಡಿದಲ್ಲೆಲ್ಲ ಸಿಗುತ್ತದೆ.”

ಬೇರೆ ಯಾರಾದರೂ ‘ಅಯ್ಯೋ ಪಾಪ’ ಅಂದು ಸುಮ್ಮನಾಗುತ್ತಿದ್ದರು. ಧರ್ಮಪಾಲರು ತುಳುವರು, ಅವರಿಗೆ ರೋಗದ ಮೂಲವೇ ಕಂಡಿತು. ಸತ್ತ ಹಿರಿಯರು, ಅಂದರೆ ಕುಲೆಗಳು, ಹಸಿದಿದ್ದರೆ ಮನೆಗೆ ಉಪದ್ರ ತಪ್ಪಿದ್ದಲ್ಲ. ಆಟಿ ತಿಂಗಳಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಕರೆದು, ಎಲೆ ಹಾಕಿ ಬಡಿಸಿ, ಬಾಗಿಲೆಳೆದುಕೊಂಡು ಮನೆಯವರು ಹೊರಗೆ ನಿಲ್ಲಬೇಕು. ಅವರು ಉಂಡ ಮೇಲೆಯೇ ನಮಗೆ ಊಟ. ಈ ಜರ್ಮನರು ಬಡಿಸುವುದೇ ಇಲ್ಲ, ಮತ್ತೆ ನೆಲದಿಂದ ಬಾಂಬು ಏಳದೆ ಇನ್ನೇನು ಏಳುತ್ತದೆ?

“ನಿಮ್ಮ ಅಜ್ಜನ ಹೆಸರೆಂತ ಸರ್?”

“ವಿಲ್ಲಿ. ಯಾಕೆ?”

“ಸುಮ್ಮನೆ. ಆದಿತ್ಯವಾರ ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಬನ್ನಿ.”

ಅಜ್ಜನೂ ಉಂಡ ಹಾಗಾಯಿತು, ಮೊಮ್ಮಗನೂ ಒಲಿದ ಹಾಗಾಯಿತು ಎಂದು ಧರ್ಮಪಾಲರ ಲೆಕ್ಕ.

ಆಟಿಯ ಆ ಭಾನುವಾರ ಫ್ಲಾಟಿನ ಹಾಲ್‌ನಲ್ಲಿ, ಟೈಲ್ಸಿನ ಮೇಲೆ, ಹಿರಿಯರಿಗಾಗಿ ಬಾಳೆಲೆಗಳು ಸಾಲಾದವು. ಕೋಳಿ ಸಾರು, ರೊಟ್ಟಿ, ಅನ್ನ. ಕೊನೆಯ ಎಲೆಯ ಪಕ್ಕ ಒಂದು ಬಿಯರ್ ಕ್ಯಾನ್, ಅದೂ ಜರ್ಮನಿಯದ್ದೇ. “ಬಲೆ, ವಿಲ್ಲಿ ಅಜ್ಜೆರೆ” ಎಂದು ಧರ್ಮಪಾಲರು ಕೈಮುಗಿದು, ತುಳುವಿನಲ್ಲೇ ‘ಬನ್ನಿ’ ಎಂದು ಕರೆದರು. ತನ್ನ ಅಜ್ಜನ ಹೆಸರು ಕೇಳಿ ಯೋರ್ಗ್ ನಗಬೇಕೋ ಬೇಡವೋ ತಿಳಿಯದೆ ನಿಂತ. ಆಮೇಲೆ ಬಾಗಿಲೆಳೆದು ಎಲ್ಲರೂ ಕಾರಿಡಾರಿಗೆ ಬಂದರು.

“ನಾವೇಕೆ ಹೊರಗಿದ್ದೇವೆ?” ಎಂದು ಯೋರ್ಗ್ ಕೇಳಿದ.

“ದೇ ಆರ್ ಈಟಿಂಗ್. ದಿ ಡೆಡ್ ಪೀಪಲ್. ಯುವರ್ ಗ್ರ್ಯಾಂಡ್‌ಫಾದರ್ ಟೂ,” ಎಂದಳು ತೃಷಾ.

ಯೋರ್ಗ್ ಥಟ್ಟನೆ ಬಾಗಿಲಿನತ್ತ ತಿರುಗಿದ. “ಬಾಗಿಲು ತೆಗೆಯಿರಿ. ಆ ಎಲೆ ತೆಗೆಯಬೇಕು.”

ಉಣ್ಣುವವನ ಮುಂದಿನ ಎಲೆ ಎಳೆಯುವುದೇ! ಧರ್ಮಪಾಲರ ಕೈ ಬಾಗಿಲ ಹಿಡಿಯ ಮೇಲಿತ್ತು. ಒಳಗೆ ಹಿರಿಯರು, ಎದುರಿಗೆ ಶಿಫಾರಸು.

“ನೋ ಸರ್,” ಎಂದರು. “ನನ್ನ ಎಕ್ಸ್‌ಟೆನ್ಷನ್ ಬೇಕಾದ್ರೆ ಕ್ಯಾನ್ಸಲ್ ಮಾಡಿ. ಕರೆದವರನ್ನು ಎಬ್ಬಿಸುವ ಹಾಗಿಲ್ಲ.”

“ಅದಕ್ಕೆ ನಾನು ಗುರುವಾರವೇ ಸಹಿ ಹಾಕಿದ್ದೇನೆ,” ಎಂದ ಯೋರ್ಗ್, ಅದೊಂದು ವಿಷಯವೇ ಅಲ್ಲವೆಂಬಂತೆ.

ಎರಡು ವರ್ಷ ಸಿಕ್ಕಿತ್ತು, ಆದರೆ ಹಿಗ್ಗುವ ಹೊತ್ತು ಅದಲ್ಲ. ಯೋರ್ಗ್ ಗೋಡೆಗೆ ಒರಗಿ ತಾನಾಗಿಯೇ ಹೇಳತೊಡಗಿದ. ತನಗೆ ಸೈಕಲ್ ಕಲಿಸಿದ್ದು ಅದೇ ಅಜ್ಜ. ಯುದ್ಧದಲ್ಲಿ ಪೊಲೀಸ್ ಪಡೆಯ ಜೊತೆ ಪೋಲೆಂಡಿಗೆ ಹೋಗಿದ್ದ. ಅಲ್ಲೊಂದು ಊರಿನ ಯಹೂದಿಗಳನ್ನು, ಹೆಂಗಸರು ಮಕ್ಕಳೆನ್ನದೆ, ಕಾಡಿಗೆ ನಡೆಸಿಕೊಂಡು ಹೋಗಿ ಗುಂಡಿಕ್ಕಿದವರಲ್ಲಿ ಅವನೂ ಒಬ್ಬ. ಮರಳಿ ಬಂದು ಅಂಚೆ ಕಚೇರಿಯಲ್ಲಿ ದುಡಿದ, ಪಿಂಚಣಿ ಉಂಡ, ಹಾಸಿಗೆಯಲ್ಲಿ ಸತ್ತ. ವಿಷಯ ತಿಳಿದ ದಿನ ತಾಯಿ ಫೋಟೋ ಇಳಿಸಿದಳು. ಅಂದಿನಿಂದ ಮನೆಯಲ್ಲಿ ಯಾರೂ ಆ ಹೆಸರು ಎತ್ತಿಲ್ಲ.

“ನಮ್ಮ ದೊಡ್ಡಜ್ಜನೂ ಹೆಂಡತಿಗೆ ಹೊಡೀತಿದ್ದರು ಸರ್, ಆದ್ರೂ ನಾವು...” ಎಂದು ಶುರು ಮಾಡಿದ ಧರ್ಮಪಾಲರು ಅಲ್ಲಿಗೇ ನಿಲ್ಲಿಸಿದರು. ತಮ್ಮ ಮಾತಿಗೆ ತಮಗೇ ನಾಚಿಕೆಯಾಯಿತು.

ಅವರ ಹೆಂಡತಿ ಶರ್ಮಿಳಾ ಕೇಳಿದರು: “ಆ ಸತ್ತವರಿಗೆ ಯಾರು ಬಡಿಸ್ತಾರೆ?”

“ಯಾರೂ ಇಲ್ಲ. ಬಡಿಸುವವರನ್ನೂ ಉಳಿಸಲಿಲ್ಲ.”

ಶರ್ಮಿಳಾ ಒಳಗಿದ್ದವರಿಗೆ ಕೇಳುವಂತೆ ಒಮ್ಮೆ ಕೆಮ್ಮಿ, ಗಂಡನ ಕೈ ಸರಿಸಿ ಬಾಗಿಲು ತೆರೆದರು. ವಿಲ್ಲಿಯ ಎಲೆಯನ್ನು ಅವರು ಎಳೆಯಲಿಲ್ಲ. ಅದರ ಮೇಲಿನದ್ದನ್ನೆಲ್ಲ ಪಾತ್ರೆಗೆ ತೆಗೆದು, ಎಲೆಯನ್ನು ಖಾಲಿ ಬಿಟ್ಟರು. ಬಳಿಕ ಸಾಲಿನ ತಲೆಗೆ, ಮನೆಯ ಹಿರಿಯರಿಗಿಂತಲೂ ಮುಂದೆ, ಹೊಸ ಎಲೆ ಹಾಕಿ ಬಿಸಿ ಅನ್ನ ಬಡಿಸತೊಡಗಿದರು.

“ಹೆಸರು ಗೊತ್ತಿಲ್ಲದಿದ್ರೂ ತೊಂದರೆ ಇಲ್ಲ. ಮೊದಲು ಅವರು ಉಣ್ಲಿ. ನಿಮ್ಮ ಅಜ್ಜ ಕೂತು ನೋಡ್ಲಿ, ಕಾಯ್ಲಿ.”

ಯೋರ್ಗ್ ಹೊಸ್ತಿಲಲ್ಲೇ ನಿಂತು ಕೇಳಿದ, “ಎಷ್ಟು ಹೊತ್ತು ಕಾಯಬೇಕು?”

ಶರ್ಮಿಳಾ ತಲೆಯೆತ್ತಲಿಲ್ಲ. “ಆ ಊರಿನವರದ್ದೆಲ್ಲ ಊಟ ಆಗುವವರೆಗೆ.”