ಅಣ್ಣನ ಪಾಲಿನ ಮಣಿಗಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಹೂಂಗುಟ್ಟುತ್ತ ಕೈಯ ಕೆಲಸ ಮುಂದುವರಿಸುವವಳು. ದೇವರಲ್ಲಿ ನಂಬಿಕೆ ಇರಲಿಲ್ಲವೆಂದಲ್ಲ. ಬೆಳಿಗ್ಗೆ ಎದ್ದಾಗೊಂದು ಪ್ರಾರ್ಥನೆ, ಊಟಕ್ಕೆ ಮೊದಲೊಂದು, ಸಂಜೆ ಜಪಸರ, ಮಲಗುವ ಮುಂಚೆ ದಿನವೆಲ್ಲ ಮಾಡಿದ್ದನ್ನು ನೆನೆದು ಒಂದಿಷ್ಟು ಧ್ಯಾನ. ಕಥೋಲಿಕ ಮನೆಯ ಈ ಕ್ರಮವನ್ನು ನಾನು ತಪ್ಪಿಸಿದವಳಲ್ಲ. ಆದರೆ ನಿಜ ಹೇಳಬೇಕೆಂದರೆ ಅದು ನನಗೆ ಪಾತ್ರೆ ತಿಕ್ಕುವಂಥ, ಅಂಗಳ ಗುಡಿಸುವಂಥ ಕೆಲಸವಾಗಿತ್ತು. ಮಾಡದಿದ್ದರೆ ಕಸಿವಿಸಿ, ಮಾಡಿದರೆ ಮುಗಿಯಿತೆಂಬ ಸಮಾಧಾನ. ಅದರೊಳಗಿಂದ ಏನಾದರೂ ಎದ್ದು ಬಂದೀತೆಂದು ಎಂದೂ ಎಣಿಸಿರಲಿಲ್ಲ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ನಮ್ಮ ಮನೆ ಬೀದರಿನ ಚಿದ್ರಿಯಲ್ಲಿ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಪ್ಪ ಭಾಲ್ಕಿಯಲ್ಲಿ ಮಾಸ್ತರರು. ವಾರವೆಲ್ಲ ಅಲ್ಲಿದ್ದು ಶನಿವಾರ ರೈಲಿಗೆ ಬರುತ್ತಿದ್ದರು. ನಾನು ಬೀದರಿನಲ್ಲೇ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವಳು ಈಗ ಕನ್ನಡದಲ್ಲಿ ಪಾಠ ಹೇಳಬೇಕು. ಹಗಲು ಮಕ್ಕಳಿಗೆ ಕಲಿಸುವುದು, ಸಂಜೆ ಕೂತು ಮರುದಿನದ ಪಾಠವನ್ನು ನಾನೇ ಕಲಿಯುವುದು. ರಾಜ್ಯ ಬದಲಾಯಿತೆಂದು ಊರಲ್ಲಿ ಪೇಡೆ ಹಂಚಿದರು. ನನ್ನ ಪಾಲಿಗೆ ಬಂದದ್ದು ದಣಿವು ಮಾತ್ರ.

ನಮ್ಮ ಮನೆಯ ಜಪಸರಕ್ಕೆ ಒಂದು ಪದ್ಧತಿಯಿತ್ತು. ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಭಾಗಗಳು. ಒಂದೊಂದು ಮಣಿಗೂ ‘ನಮೋ ಮರಿಯಾ’ ಎಂದು ಒಬ್ಬರು ಅರ್ಧ ಪ್ರಾರ್ಥನೆ ಹೇಳಿದರೆ ‘ಸಂತ ಮರಿಯಾ’ ಎಂದು ಉಳಿದವರು ಇನ್ನರ್ಧ ಹೇಳಿ ಮುಗಿಸಬೇಕು. ಭಾಗಗಳನ್ನು ಅಪ್ಪ ಎಲ್ಲರಿಗೂ ಹಂಚಿಕೊಟ್ಟಿದ್ದರು. ಕೊನೆಯದು ಅಣ್ಣನ ಪಾಲು. ಚಿಕ್ಕವನಿದ್ದಾಗ ನಡುವೆಯೇ ಎದ್ದು ಓಡಿಹೋಗುತ್ತಾನೆಂದು ಅವನನ್ನು ಕೊನೆಗೆ ಕಟ್ಟಿಹಾಕಿದ್ದರು. ಯಾರಾದರೂ ಊರಲ್ಲಿ ಇಲ್ಲದಿದ್ದರೆ ಅವರ ಪಾಲನ್ನು ಬೇರೆಯವರು ಹೇಳುವಂತಿರಲಿಲ್ಲ. ಅಷ್ಟು ಹೊತ್ತು ಎಲ್ಲರೂ ಮಣಿ ಸರಿಸುತ್ತ ಸುಮ್ಮನೆ ಕೂಡಬೇಕು. ಹೋದವನು ಇದ್ದಲ್ಲಿಂದಲೇ ತನ್ನದನ್ನು ಹೇಳಿ ಮುಗಿಸುತ್ತಾನೆ ಎಂಬುದು ಲೆಕ್ಕ.

ಅಣ್ಣ ಹೈದರಾಬಾದಿನ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದ. ಹೈದರಾಬಾದ್ ರಾಜ್ಯ ಒಡೆದಾಗ ಅಲ್ಲಿ ನೌಕರಿಯಲ್ಲಿದ್ದ ಈ ಕಡೆಯ ಹುಡುಗರೆಲ್ಲ ಒಬ್ಬೊಬ್ಬರಾಗಿ ಮರಳಿದರು. ಹತ್ತಿರದ ಬಗದಲ ಊರಿನವರೊಬ್ಬರ ಮಗ ಬಂದ, ನಮ್ಮ ಓಣಿಯ ಇಬ್ಬರು ಬಂದರು. ಅಣ್ಣ ಬರಲಿಲ್ಲ. ಅಪ್ಪ ರಜೆ ಹಾಕಿ ಹುಡುಕಿಕೊಂಡು ಹೋದರು. ಅವನು ಕೆಲಸ ಬಿಟ್ಟು ಬಹಳ ದಿನವಾಯಿತು, ಎಲ್ಲಿ ಹೋದನೋ ಗೊತ್ತಿಲ್ಲ ಎಂದರಂತೆ ಅಲ್ಲಿಯವರು. ಅಪ್ಪ ಬರಿಗೈಲಿ ಬಂದ ದಿನವೇ ಅವ್ವ ಹಾಸಿಗೆ ಹಿಡಿದಳು.

ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಕೊಟ್ಟರೂ ಒಂದು ತುತ್ತು ತಿಂದು ಮುಖ ತಿರುಗಿಸುವಳು. ಡಾಕ್ಟರರು ಬಂದು ನೋಡಿ, ರೋಗವೇನೂ ಕಾಣಿಸುವುದಿಲ್ಲ, ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದರು. ಸಂಜೆ ಅಣ್ಣನ ಪಾಲಿನ ಮೌನದ ಹೊತ್ತಿಗೆ ಮಾತ್ರ ಗೋಡೆ ಹಿಡಿದು ಎದ್ದು ಕೂಡುತ್ತಿದ್ದಳು. ಕಿವಿಯೆಲ್ಲ ಬಾಗಿಲ ಕಡೆ. ಮೌನ ಮುಗಿದ ಮೇಲೆ ಇನ್ನಷ್ಟು ಸೋತು ಮಲಗುವಳು. ದಿನಾ ಇದನ್ನು ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು. ಈ ಪದ್ಧತಿಯೇ ಅವ್ವನನ್ನು ತಿನ್ನುತ್ತಿದೆ ಅನ್ನಿಸಿತು. ಅಪ್ಪ ಬಂದಾಗ ಹೇಳಿದೆ: “ಅಣ್ಣನ ಪಾಲು ನಾನೇ ಹೇಳಿ ಮುಗಸ್ತೇನಿ ಅಪ್ಪಾ. ಹಿಂಗ ಕಾಯ್ಕೋತ ಕುಂತ್ರ ಅವ್ವ ಉಳ್ಯಾಂಗಿಲ್ಲ.”

“ನೀನೇ ಹೇಳವ್ವಾ ಆಕಿಗಿ. ನನ್ನ ಕೈಲಿ ಆಗಂಗಿಲ್ಲ” ಎಂದು ಅಪ್ಪ ಭಾಲ್ಕಿಗೆ ಹೊರಟುಹೋದರು.

ಅಂದು ಸೋಮವಾರ. ಜಪಸರದ ಒಂದೊಂದು ಭಾಗಕ್ಕೂ ಯೇಸುವಿನ ಬಾಳಿನ ಒಂದೊಂದು ಸಂಗತಿಯನ್ನು ನೆನೆಯಬೇಕು; ಸೋಮವಾರಕ್ಕೆ ‘ಸಂತೋಷದ ರಹಸ್ಯಗಳು’ ಎಂಬ ಐದು. ಅದರಲ್ಲಿ ಕೊನೆಯದು, ಜಾತ್ರೆಗೆ ಹೋದಲ್ಲಿ ಕಾಣೆಯಾದ ಬಾಲಯೇಸು ದೇವಾಲಯದಲ್ಲಿ ತಾಯಿಗೆ ಸಿಕ್ಕ ಸಂಗತಿ. ಅದು ಅಣ್ಣನ ಪಾಲಿಗೇ ಬರುತ್ತಿತ್ತು. ಹೇಳುವುದಕ್ಕೆ ಇಂಥ ದಿನವೇ ಬೇಕಿತ್ತೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ಜಪಸರ ಮುಗಿಯುತ್ತಲೇ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡೆ.

ಶಾಲೆಯಿಂದ ಬಂದು, ರೊಟ್ಟಿ ಬಡಿದು, ದೀಪ ಹಚ್ಚಿ ಕೂತೆ. ಹೊರಗೆ ಇನ್ನೂ ಬೆಳಕಿತ್ತು. ಅವ್ವ ಗೋಡೆಗೊರಗಿದ್ದಳು. ನಾವಿಬ್ಬರೇ. ಅಣ್ಣನ ಪಾಲು ಬಂದಾಗ ನಾನು ಸುಮ್ಮನಾದೆ. ತೂಕಡಿಸಿರಬೇಕೆಂದು ನೀವು ಅಂದುಕೊಂಡೀರಿ. ಇಲ್ಲ. ಉಗುರಿನ ಸಂದಿಯಲ್ಲಿ ಒಣಗಿದ್ದ ಜೋಳದ ಹಿಟ್ಟು ತೆಗೆಯುತ್ತ, ಅವ್ವನಿಗೆ ಹೇಗೆ ಮಾತು ತೆಗೆಯಲಿ ಎಂದು ಯೋಚಿಸುತ್ತಿದ್ದೆ. ಓಣಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವ ಸದ್ದು ಸಹ ನೆನಪಿದೆ.

ಆಗ ಅವ್ವ “ಸಂತ ಮರಿಯಾ” ಎಂದಳು.

ತಿರುಗಿ ನೋಡಿದೆ. ಉತ್ತರದ ಅರ್ಧವನ್ನು ಪೂರ್ತಿ ಹೇಳಿ ನಿಲ್ಲಿಸಿದಳು. ಯಾರೋ ಮೊದಲರ್ಧ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಸುಮ್ಮನಿದ್ದು, ಮತ್ತೆ “ಸಂತ ಮರಿಯಾ” ಎಂದಳು. ಮಣಿ ಸರಿಸಿದಳು. ಮತ್ತೆ ಅದೇ. ನನ್ನ ಕಿವಿಗೆ ಅವಳ ದನಿಯೊಂದೇ ಬೀಳುತ್ತಿತ್ತು. ಜ್ವರವೇನೋ ಎಂದು ಹಣೆ ಮುಟ್ಟಿದೆ. ತಣ್ಣಗಿತ್ತು. ಅವ್ವ ನನ್ನ ಕೈ ಸರಿಸಿ ಗದರಿದಳು: “ನೀ ಯಾಕ ಸುಮ್ಮ ಕುಂತಿ? ಅಂವ ಹೇಳ್ಲತ್ತಾನ. ಜವಾಬು ಕೊಡು.”

ಹತ್ತನೆಯ ಮಣಿಯ ತನಕ ಅವಳೊಬ್ಬಳೇ ಉತ್ತರ ಕೊಟ್ಟಳು. ತಲೆ ಕೆಟ್ಟಿತು ನಮ್ಮವ್ವನಿಗೆ, ಇನ್ನು ಇದೊಂದು ಬಾಕಿಯಿತ್ತು ಎಂದು ಅಳು ಬಂತು.

ಅಳು ಒರೆಸಿಕೊಂಡು ನೀರಿಗೆಂದು ಹೊರಗೆ ಬಂದರೆ, ಕಟ್ಟೆಯ ಮೇಲೆ ಪಕ್ಕದ ಮನೆಯ ಗಂಗಾಬಾಯಿ ಅಕ್ಕಿ ಹಸನು ಮಾಡುತ್ತಿದ್ದರು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಆಗಷ್ಟೇ ಬೌದ್ಧ ಧರ್ಮ ಸೇರಿದ ಮನೆತನ. ನಮ್ಮ ಜಪಸರ ಗೋಡೆಯಾಚೆಯಿಂದಲೇ ಅವರಿಗೆ ಬಾಯಿಪಾಠವಾಗಿತ್ತು. ನನ್ನನ್ನು ಕಂಡವರೇ ನಕ್ಕರು.

“ಏ ತಂಗಿ, ಅಣ್ಣ ಬಂದಾನಂತ ಹೇಳ್ಲೇ ಇಲ್ಲಲ್ಲ? ಯಾವಾಗ ಬಂದ?”

“ಇಲ್ರೀ ಮಾವಶಿ. ಅಂವ ಎಲ್ಲಿ ಬಂದಾನ?”

“ಮತ್ತ ಈಗ ಜಪಾ ಮಾಡ್ದಂವ ಯಾರು? ಅದೇ ಗಡಿಬಿಡಿ, ಕಡೀ ಮಾತು ನುಂಗೋದು. ಅವನ ದನಿ ನನಗ ಗೊತ್ತಾಗಂಗಿಲ್ಲೇನು? ಖರೇ ಹೇಳು, ಒಳಗ ಹಾನೋ ಇಲ್ಲೋ?”

ನಾನು ಕೊಡ ಅಲ್ಲೇ ಇಟ್ಟುಬಿಟ್ಟೆ. ಅವರು ತಮಾಷೆ ಮಾಡುವವರಲ್ಲ, ಅದರಲ್ಲೂ ಅವ್ವನ ಸ್ಥಿತಿ ಗೊತ್ತಿದ್ದು. ಅವರೇ ಒಳಗೆ ಬಂದು ಮೂಲೆ ಮೂಲೆ ನೋಡಿ, ಅಣ್ಣನಿಲ್ಲವೆಂದು ಖಾತ್ರಿಯಾದ ಮೇಲೆ ಮೊರ ಎತ್ತಿಕೊಂಡು ಹೋದರು. ಒಂದೇ ಕೋಣೆಯಲ್ಲಿ ಕೂತಿದ್ದ ನನಗೆ ಕೇಳಿಸದಿದ್ದದ್ದು ಗೋಡೆಯಾಚೆ ಇದ್ದವರಿಗೆ ಕೇಳಿಸಿತ್ತು.

ಅಂದು ಅವ್ವ ಒಂದು ಪೂರ್ತಿ ರೊಟ್ಟಿ ತಿಂದಳು. “ಅಂವ ಬದುಕಿ ಹಾನ. ಎಲ್ಲಿದ್ರೂ ಹಾನ” ಎಂದಳು, ಅಷ್ಟೇ. ಹೇಳಬೇಕೆಂದಿದ್ದ ಮಾತನ್ನು ನಾನು ಎತ್ತಲೇ ಇಲ್ಲ. ಆ ಸಂಜೆಯ ದನಿ ಮತ್ತೆ ಯಾರಿಗೂ ಕೇಳಿಸಲಿಲ್ಲ, ಅವ್ವನಿಗೂ ಕೂಡ. ಆದರೆ ಅವಳು ಎದ್ದು ಓಡಾಡಿದಳು, ಇನ್ನೂ ಕೆಲವು ವರ್ಷ ಬದುಕಿದಳು, ಮಗನನ್ನು ನೋಡದೆಯೇ ನೆಮ್ಮದಿಯಾಗಿ ತೀರಿಕೊಂಡಳು. ಅಪ್ಪನೂ ಹೋದರು.

ಅದಾದ ಮೇಲೆ ಒಂದು ದಿನ ಔರಾದಿನ ಕಡೆಯಿಂದ ಬರುವ ಬಸ್ಸಿನಿಂದಿಳಿದು ಅಣ್ಣ ಬಂದ. ತಲೆ ನರೆತಿತ್ತು. ಹೈದರಾಬಾದಿನ ಕೆಲಸ ಹೋದ ಮೇಲೆ ಮುಖ ತೋರಿಸಲು ನಾಚಿ ನಾಂದೇಡದ ಕಡೆ ಹತ್ತಿಯ ಗಿರಣಿಯಲ್ಲಿ ದುಡಿದನಂತೆ. ನಾನು ಬೈಯಲಿಲ್ಲ, ಬೈಯುವ ಶಕ್ತಿಯೂ ಇರಲಿಲ್ಲ. ಊಟ ಬಡಿಸಿ, ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. ಸಂಜೆ ಹೊತ್ತು ನಿನ್ನ ಪಾಲು ಹೇಳುತ್ತಿದ್ದೆಯಾ?

ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ. “ಮನಿ ಬಿಟ್ಟ ಮ್ಯಾಲ ಒಂದು ಮಣೀನೂ ಮುಟ್ಟಿಲ್ಲ ತಂಗಿ. ಸುಳ್ಳ ಯಾಕ ಹೇಳ್ಲಿ? ಈಗ ಹೇಳಂದ್ರ ಮೊದಲಿನ ಮಾತೂ ಬರಾಂಗಿಲ್ಲ ನನಗ.”

ಅವನು ಬದುಕಿದ್ದಾನೆಂದು ಅವ್ವ ಹೇಳಿದ್ದು ನಿಜವಾಯಿತು. ಆದರೆ ಆ ಸಂಜೆ ಪ್ರಾರ್ಥಿಸಿದ್ದು ಅವನಲ್ಲ. ಮತ್ತೆ ಯಾರು? ಊರಿಗೆ ಬಂದಿದ್ದ ಪಾದ್ರಿಗಳೊಬ್ಬರನ್ನೂ ಕೇಳಿದೆ. ಅವರು ನನ್ನ ಮುಖವನ್ನೇ ನೋಡಿ, ಜಪಸರ ಬಿಡಬೇಡಮ್ಮ ಎಂದರು. ಅದೇನು ಉತ್ತರವೋ ನನಗೆ ತಿಳಿಯಲಿಲ್ಲ.

ಅಣ್ಣ ಈಗ ನನ್ನ ಜೊತೆಗೇ ಇದ್ದಾನೆ. ಸಂಜೆ ನಾನು ದೀಪ ಹಚ್ಚಿದರೆ ಎದ್ದು ಹೊರಗೆ ಕಟ್ಟೆಯ ಮೇಲೆ ಕೂಡುತ್ತಾನೆ. ಕರೆದರೂ ಬರುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ, ಇಬ್ಬರಿಗೂ ದಣಿವಾಗಿದೆ. ಅವನ ಪಾಲು ಬಂದಾಗ ನಿಲ್ಲುತ್ತೇನೆ. ಏನೂ ಕೇಳಿಸುವುದಿಲ್ಲ. ಆದರೆ ಅಂದಿನಂತೆ ಬಾಯಿ ಮುಚ್ಚಿ ಕೂಡುವುದಿಲ್ಲ. ಒಂದು ಮಣಿಯ ಹೊತ್ತು ಕಾದು “ಸಂತ ಮರಿಯಾ” ಎನ್ನುತ್ತೇನೆ, ಮತ್ತೆ ಕಾಯುತ್ತೇನೆ.

ಮೊನ್ನೆ ಅಣ್ಣ ಬಾಗಿಲಲ್ಲಿ ನಿಂತು ಕೇಳಿದ: “ಯಾರಿಗಿ ಜವಾಬು ಕೊಡ್ಲತ್ತಿ?”

“ಗೊತ್ತಿಲ್ಲಣ್ಣಾ” ಎಂದು ಮುಂದಿನ ಮಣಿ ಸರಿಸಿದೆ.