ಬಿಳಿ ಬೆನ್ನು, ಹಳದಿ ಬೆನ್ನು

ಮುಂಬಯಿಯ ಸಾಂತಾಕ್ರೂಜ್ ಸ್ಟೇಷನ್ನಿನ ಬಳಿ ಶೇಖರ ಅವರ ಹೋಟೆಲಿನಲ್ಲಿ ಐತ ಇಪ್ಪತ್ತು ವರ್ಷ ಪಾತ್ರೆ ತೊಳೆದ. ಉಡುಪಿ ಕಡೆಯವನು. ಊರಿನಲ್ಲಿ ಜೇನು ಹಿಡಿಯುತ್ತಿದ್ದನೆಂಬುದು ಅಲ್ಲೇ ಬಾಡಿಗೆಗಿದ್ದ ನನಗೂ ಗೊತ್ತಿರಲಿಲ್ಲ. ೧೯೫೬ರ ಮಾರ್ಚಿನ ಒಂದು ಮಧ್ಯಾಹ್ನ ಹಿತ್ತಲಿನ ಮೆಟ್ಟಿಲ ಕಂಬಿಗೆ ಜೇನುಹಿಂಡೊಂದು ಹಲಸಿನಹಣ್ಣಿನಂತೆ ಜೋತುಬಿದ್ದಾಗ ಅದು ತಿಳಿಯಿತು.

ಮೆಟ್ಟಿಲ ತುದಿಯ ಖೋಲಿಯಲ್ಲಿ ಶೇಖರ ಅವರ ಹೆಂಡತಿ ವಸಂತಿ ಇದ್ದರು, ಏಳು ತಿಂಗಳ ಬಸುರಿ. ಹಿಂದಿನ ವರ್ಷ ಒಂದೇ ಒಂದು ಜೇನು ಕಚ್ಚಿ ಗಂಟಲು ಬಾತು ಅವರ ಉಸಿರು ನಿಲ್ಲುವಂತಾಗಿತ್ತು. ಇನ್ನೊಮ್ಮೆ ಕಚ್ಚಿದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ಕೆಳಗಿಳಿಯಲು ಬೇರೆ ದಾರಿಯಿಲ್ಲ.

"ಸುಟ್ಟುಬಿಡುವ," ಎಂದರು ಶೇಖರ. ಕೈಯಲ್ಲಿ ಸೀಮೆಎಣ್ಣೆ ಡಬ್ಬಿ ಹಿಡಿದಿದ್ದರು.

"ಬೇಡ ಧಣಿ. ಮರದ ಮೆಟ್ಟಿಲು ಹೊತ್ತಿಕೊಂಡೀತು. ಸಾಯದವು ಅಮ್ಮನ ಮೇಲೇ ನುಗ್ಗಿಯಾವು. ಇವು ಇಲ್ಲಿ ಕೂರಲಿಕ್ಕೆ ಬಂದದ್ದಲ್ಲ, ಮನೆ ಹುಡುಕ್ತಾ ಉಂಟು," ಎಂದ ಐತ.

ಹುಡುಕುತ್ತಿದ್ದದ್ದು ವಸಂತಿಯವರ ಖೋಲಿಯ ಹಂಚಿನ ಕೆಳಗೇ! ಕೆಲವು ಹುಳು ಆ ಸಂದಿಗೆ ಹೊಕ್ಕು, ಹಿಂಡಿಗೆ ಮರಳಿ, ಉಳಿದವುಗಳ ಬೆನ್ನ ಮೇಲೆ ಮೈ ಅಲುಗಿಸಿ ಕುಣಿಯುತ್ತಿದ್ದವು.

"ಕುಣಿದು ಜಾಗ ಹೇಳ್ತಾವೆ. ಯಾವ ಜಾಗಕ್ಕೆ ಕುಣಿಯುವವು ಹೆಚ್ಚೋ ಅಲ್ಲಿಗೆ ಎಲ್ಲವೂ ಹೋಗ್ತಾವೆ."

"ಸಂದಿ ಮುಚ್ಚು ಮಾರಾಯ!"

"ಮುಚ್ಚಿದರೆ ಒಳಗಿದ್ದವು ಅಮ್ಮನ ಖೋಲಿಗೆ ಇಳೀತಾವೆ."

ಐತ ಅಡುಗೆಮನೆಯ ಮಾಡು ಹತ್ತಿ, ಹಂಚಿನಿಂದ ಹೊರಬೀಳುವ ಹುಳುಗಳ ಮೇಲೆ ಅಕ್ಕಿಹಿಟ್ಟು ಊದಿದ. ಬಿಳಿ ಬೆನ್ನಿನವು ಎಷ್ಟು ಕುಣಿಯುತ್ತವೆಂದು ಕಾಣಬೇಕಿತ್ತು. ಸಂಜೆಯೊಳಗೆ ಇಪ್ಪತ್ತಾದವು. ಹಿಂಡಿಗೆ ಬೇರೆ ಮನೆಯಾಗಲೆಂದು ಓಣಿಯಾಚೆಯ ಹುಣಸೆಮರಕ್ಕೆ ಮಧ್ಯಾಹ್ನವೇ ಅವನು ಕಟ್ಟಿದ್ದ ಮಡಕೆಯತ್ತ ಒಂದೂ ಸುಳಿಯಲಿಲ್ಲ.

"ಊರಿಂದ ತಂದ ಜೇನುಮಡಕೆ. ಒಳಗೆ ಮೇಣ ಬಳಿದಿತ್ತು, ಅದರ ವಾಸನೆಗೇ ಹುಳು ಬರುವುದು..." ಎಂದವನು ತನ್ನ ಕೈಗಳನ್ನೇ ನೋಡಿಕೊಂಡ. "ಅಯ್ಯೋ, ಕಟ್ಟುವ ಮೊದಲು ಬೂದಿ ಹಾಕಿ ತಿಕ್ಕಿದೆನಲ್ಲ!"

"ಪಾತ್ರೆ ಕಂಡರೆ ಸುಮ್ಮನಿರ್ತೀಯಾ ನೀನು!" ಶೇಖರ ಅಳುವಂತಾದರು.

ಸ್ಟೇಷನ್ನಿನ ಚಮ್ಮಾರ ದಾರಕ್ಕೆ ಜೇನುಮೇಣ ಸವರುವುದು ನನಗೆ ನೆನಪಾಯಿತು. ಓಡಿಹೋಗಿ ಒಂದು ತುಂಡು ಬೇಡಿ ತಂದೆ. ಐತ ಕರಗಿಸಿ ಮಡಕೆಗೆ ಬಳಿದ.

ಮರುದಿನ ಬೆಳಿಗ್ಗೆ ಮಡಕೆಗೆ ಮೂರು ಹುಳು ಬಂದವು. ಅವಕ್ಕೆ ಅರಿಸಿನ ಊದಿದ. ಹತ್ತು ಗಂಟೆಗೆ ಹಳದಿ ಆರು, ಬಿಳಿ ಹದಿನೈದು. ಒದ್ದೆ ಸೀರೆಗಳನ್ನು ಬಾಗಿಲ ಸಂದಿಗೆ ತುರುಕಿಕೊಂಡು ಒಳಗಿದ್ದ ವಸಂತಿ ಮತ್ತೆ ಮತ್ತೆ ಕೇಳುತ್ತಿದ್ದರು: "ಹೋದವಾ ಐತ?" ಅವನು ಎಣಿಸುತ್ತಲೇ ಇದ್ದ. ಹನ್ನೊಂದಕ್ಕೆ ಬಿಳಿಯವು ಒಂದೊಂದಾಗಿ ಕುಣಿತ ಬಿಟ್ಟು ಸುಮ್ಮನೆ ಕುಳಿತವು. ಯಾವುದೂ ಅವನ್ನು ಓಡಿಸಲಿಲ್ಲ, ತಾವೇ ನಿಲ್ಲಿಸಿದವು. ಹನ್ನೆರಡಕ್ಕೆ ಕುಣಿಯುತ್ತಿದ್ದವೆಲ್ಲ ಹಳದಿ, ಎರಡರ ಹೊರತು. ಆ ಎರಡರಿಂದ ನಾನು ಕಣ್ಣು ಕೀಳಲಿಲ್ಲ.

ಹಿಂಡು ಇದ್ದಕ್ಕಿದ್ದಂತೆ ಬಿಚ್ಚಿಕೊಂಡಿತು. ಹಿತ್ತಲು ಮೊರೆಯಿತು. ವಸಂತಿಯವರ ಬಾಗಿಲು ಹುಳುಗಳ ಮರೆಯಲ್ಲಿ ಕಾಣದಾಯಿತು. ಶೇಖರ ಕಣ್ಣು ಮುಚ್ಚಿಕೊಂಡರು. ಆ ಕಪ್ಪು ಮೋಡ ಬಾಗಿಲ ಮುಂದೆ ಎರಡು ಸುತ್ತು ಸುತ್ತಿ, ಮಾಡು ದಾಟಿ, ಹುಣಸೆಮರದತ್ತ ಜಾರಿತು.

"ಹೋದವಾ?" ಒಳಗಿಂದ ದನಿ.

ಐತ ಆಗಲೇ ನಲ್ಲಿಯತ್ತ ಓಡಿದ್ದ. ವಾಸನೆ ಉಳಿದರೆ ಮತ್ತೆ ಬಂದಾವೆಂದು ಬಕೆಟ್ಟಿನಲ್ಲಿ ನೀರು ತಂದು ಹಿಂಡು ಕೂತಿದ್ದ ಕಂಬಿಯ ಮೇಲೆ ಸುರಿದ. ತೆಂಗಿನನಾರು ಹಿಡಿದು ತಿಕ್ಕತೊಡಗಿದ. ದಿನವೂ ಪಾತ್ರೆ ತಿಕ್ಕುವ ಆ ಪರಿಚಿತ ಸದ್ದು ಕೇಳಿ ವಸಂತಿ ಚಿಲಕ ತೆಗೆದರು.